‘ಜುಮ್ಮು’ ಒಂದು ರುಚಿಯೇ? ನಿಮ್ಮ ಕಡೆ ಇದಕ್ಕೆ ಏನಂತಾರೆ?

ಗೆಳೆಯರೇ, ನಮಸ್ಕಾರ.

ಕಳೆದ ವಾರ ಬೆಂಗಳೂರಿನ ಒಂದು ಚೀನೀ ಹೋಟೆಲಿನಲ್ಲಿ ಮೂವರು ಕೂತು ಊಟ ಮಾಡುವಾಗ ಒಂದು ಪದದ ಜಗಳ ಹುಟ್ಟಿತು. ಅಲ್ಲಿ ತೀರಲಿಲ್ಲ. ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ತರಿಸಿದ್ದು ಮಾಪೊ ತೋಫು. ತೋಫು ಅಂದರೆ ಸೋಯಾ ಹಾಲು ಒಡೆಸಿ ಮಾಡಿದ ಪನೀರಿನಂಥದ್ದು. ಮಾಮೂಲಾಗಿ ಇದಕ್ಕೆ ಕೊಚ್ಚಿದ ಮಾಂಸ ಹಾಕುತ್ತಾರೆ. ನಾನು ಸಸ್ಯಾಹಾರಿ, ಹಾಗಾಗಿ ಅದರ ಬದಲು ಅಣಬೆ ಹಾಕಿಸಿಕೊಂಡಿದ್ದೆ. ಕೆಂಪು ಎಣ್ಣೆಯಲ್ಲಿ ತೇಲುವ ಬಿಳಿ ತುಂಡುಗಳು, ಮೇಲೆ ಉದುರಿಸಿದ ಕಂದು ಪುಡಿ. ಮೊದಲ ತುತ್ತಿಗೆ ಬರೀ ಖಾರ. ಎರಡನೆಯದಕ್ಕೆ ತುಟಿಯ ಅಂಚಿನಲ್ಲಿ ಏನೋ ಹರಿದಾಡಿದ ಹಾಗಾಯಿತು. ಮೂರನೆಯದಕ್ಕೆ ನಾಲಿಗೆಯ ತುದಿ ನನ್ನದೇ ಅಲ್ಲ ಅನ್ನಿಸಿತು. ನೀರು ಕುಡಿದರೆ ನೀರಿಗೂ ಏನೋ ರುಚಿ ಬಂದಿತ್ತು.

ಮೈಸೂರಿನ ಗೆಳೆಯ ‘ಲೋ, ಕರೆಂಟ್ ಹೊಡ್ದಂಗಾಯ್ತು’ ಅಂದ. ಹುಬ್ಬಳ್ಳಿಯ ಗೆಳತಿ ‘ನಾಲಗಿ ಜೋಮು ಹಿಡದೈತಿ’ ಅಂದಳು. ಶಿರಸಿ ಕಡೆಯ ನನ್ನ ಬಾಯಿಂದ ಬಂದದ್ದು ‘ಜುಮ್ಮು’. ಒಂದೇ ಬಟ್ಟಲು, ಮೂರು ಮಾತು. ಬಡಿಸುವ ಹುಡುಗ ಮಾತ್ರ ‘ಸ್ಪೈಸೀನಾ ಸಾರ್?’ ಎಂದು ಕೇಳಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟ. ಮೆನುವಿನಲ್ಲಿ ಆ ತಿನಿಸಿನ ಪಕ್ಕ ಮೂರು ಮೆಣಸಿನಕಾಯಿ ಚಿತ್ರ ಇತ್ತು. ಖಾರ ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ. ಈ ಇನ್ನೊಂದಕ್ಕೆ ಚಿತ್ರವೂ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಈ ಅನುಭವಕ್ಕೆ ನಿಮ್ಮ ಕಡೆ ಯಾವ ಪದ ಇದೆ? ಅದನ್ನು ರುಚಿಯ ಪಟ್ಟಿಗೆ ಸೇರಿಸುತ್ತೀರಾ, ಇಲ್ಲವಾ?

ನಾನು ‘ಜುಮ್ಮು’ ಅಂದದ್ದಕ್ಕೆ ಕಾರಣ ಇದೆ. ಶಿರಸಿ, ಸಿದ್ದಾಪುರದ ಕಡೆ ಜುಮ್ಮನಕಾಯಿ ಅಂತ ಒಂದಿದೆ. ದೊಡ್ಡ ಕಾಡುಮರ, ಕಾಂಡದ ತುಂಬ ಮೊಂಡು ಮುಳ್ಳು. ಗೊಂಚಲಲ್ಲಿ ಬಟಾಣಿಗಿಂತ ಸಣ್ಣ ಕಾಯಿ. ಒಣಗಿದಾಗ ಬಾಯಿ ಬಿಡುತ್ತದೆ, ಒಳಗೆ ಮಿಣಮಿಣ ಹೊಳೆಯುವ ಕಪ್ಪು ಕಾಳು. ಆ ಕಾಳು ಅಡುಗೆಗೆ ಬರುವುದಿಲ್ಲ. ಬೇಕಾದದ್ದು ಸಿಪ್ಪೆ. ಚಿಕ್ಕವನಿದ್ದಾಗ ಕಾಳು ಬಿಡಿಸುವ ಕೆಲಸ ನನ್ನದು. ‘ಕಾಳು ಬ್ಯಾಡ್ದೋ ತಮಾ, ಸಿಪ್ಪೆ ಸಾಕು’ ಎಂದು ಅಮ್ಮಮ್ಮ ಹತ್ತು ಸಲ ಹೇಳುತ್ತಿದ್ದರು. ನಾಲ್ಕೈದು ಸಿಪ್ಪೆಯನ್ನು ತುಪ್ಪದಲ್ಲಿ ಹುರಿದು, ಕಾಯಿತುರಿ, ಜೀರಿಗೆಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಅನ್ನಕ್ಕೆ ಕಲಸಿ ಉಂಡರೆ ಕಿತ್ತಳೆ ಸಿಪ್ಪೆಯ ಪರಿಮಳ, ಹಿಂದೆಯೇ ತುಟಿಯಲ್ಲಿ ಜುಮುಜುಮು. ಆ ಪರಿಮಳವೂ ಸುಮ್ನೆ ಬಂದದ್ದಲ್ಲ. ನಿಂಬೆ, ಕಿತ್ತಳೆ, ಕರಿಬೇವು, ಬಿಲ್ವ ಎಲ್ಲ ಒಂದೇ ಸಸ್ಯಕುಟುಂಬ. ಜುಮ್ಮನಕಾಯಿಯೂ ಅದೇ ಮನೆಯದು.

ಇದನ್ನೇ ಕೊಂಕಣಿಯವರು ತೆಪ್ಪಳ್ ಅನ್ನುತ್ತಾರೆ, ಗೋವಾ, ಮಹಾರಾಷ್ಟ್ರದ ಕಡೆ ತಿರ್ಫಳ. ಮೀನಿನ ಸಾರಿಗೆ ಹಾಕುವುದೇ ಜಾಸ್ತಿ. ಮೀನು ತಿನ್ನದ ಮನೆಗಳಲ್ಲಿ ಬೇಳೆ, ತರಕಾರಿಗೂ ಹಾಕುತ್ತಾರೆ. ಹೆಸರಿನ ಬಗ್ಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಒಮ್ಮೆ ಊರಿಂದ ತಂದದ್ದು ಮುಗಿದು, ತಿರ್ಫಳ ಬೇಕೆಂದು ಆನ್‌ಲೈನಿನಲ್ಲಿ ತರಿಸಿದೆ. ಬಂದದ್ದು ತ್ರಿಫಲಾ ಚೂರ್ಣ. ಅಳಲೆ, ತಾರೆ, ನೆಲ್ಲಿಕಾಯಿ ಪುಡಿ. ತಂಬುಳಿ ಆಗಲಿಲ್ಲ, ಹೊಟ್ಟೆ ಮಾತ್ರ ಸ್ವಚ್ಛವಾಯಿತು.

ಜುಮ್ಮನಕಾಯಿಗೂ ಚೀನೀ ಪುಡಿಗೂ ನಂಟಿದೆ ಅಂತ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಮುಂಡಗೋಡದಲ್ಲಿ. 1966ರಿಂದ ಅಲ್ಲಿ ಟಿಬೆಟನ್ನರ ವಸತಿ ಇದೆ. ನಮ್ಮ ಕಡೆಯ ಎಲ್ಲರಿಗೂ ಅದು ‘ಕ್ಯಾಂಪು’. ಮಠ ನೋಡಲು ಹೋದವರು ಮೊಮೊ ತಿನ್ನದೆ ವಾಪಸ್ ಬರುವುದಿಲ್ಲ. ಸಸ್ಯಾಹಾರಿಗೆ ಅಲ್ಲೂ ಒಂದು ವಿಚಾರಣೆ ಇದ್ದೇ ಇರುತ್ತದೆ. ಮೊಮೊ ಒಳಗೆ ಎಲೆಕೋಸೇ ಇರಬಹುದು, ಥುಕ್ಪಾದ (ಅವರ ನೂಡಲ್ಸ್ ಸಾರು) ನೀರು ಎಲುಬು ಬೇಯಿಸಿದ್ದಾ? ಹಬೆಯಲ್ಲಿ ಬೇಯಿಸುವ ಪಾತ್ರೆ ಬೇರೆಯಾ? ನನ್ನ ಜೊತೆಗೆ ಬರುವವರು ಇದಕ್ಕೆ ಬೇಸತ್ತು ‘ಪುಳಿಚಾರು ಶುರು ಮಾಡ್ದ’ ಅಂತಾರೆ. ಅಂದುಕೊಳ್ಳಲಿ ಬಿಡಿ. ಎಲ್ಲ ತಿನ್ನುವವರು ತಟ್ಟೆ ನೋಡಿ ತಿಂದು ಎದ್ದು ಹೋಗುತ್ತಾರೆ. ನಾನು ಪ್ರತಿ ಸಲ ಅಡುಗೆಮನೆಯ ಬಾಗಿಲ ತನಕ ಹೋಗಿ ಒಳಗೆ ಏನೇನು ಬಿದ್ದಿದೆ ಎಂದು ಕೇಳಿ ಬರುತ್ತೇನೆ. ಹೊಸ ರುಚಿಗಳ ಹೆಸರು ನನಗೆ ಸಿಕ್ಕಿದ್ದೆಲ್ಲ ಹೀಗೆ.

ಅವತ್ತು ಲಾಫಿಂಗ್ ತರಿಸಿದ್ದೆ. ಹೆಸರುಕಾಳಿನ ಹಿಟ್ಟಿನ ಸತ್ತ್ವದಿಂದ ಮಾಡುವ ತಣ್ಣನೆಯ, ನುಣುಪಾದ ಹಾಳೆ. ಉದ್ದಕ್ಕೆ ಹೆಚ್ಚಿ, ಬೆಳ್ಳುಳ್ಳಿ ನೀರು, ವಿನೆಗರು, ಸೋಯಾ, ಕೆಂಪು ಮೆಣಸಿನ ಎಣ್ಣೆ ಹಾಕಿ ಕೊಡುತ್ತಾರೆ. ನಾಲಿಗೆಯ ಮೇಲೆ ಇಟ್ಟರೆ ನಿಲ್ಲುವುದೇ ಇಲ್ಲ, ಜಾರಿ ಹೋಗುತ್ತದೆ. ಜಾರಿದ ಮೇಲೆ ತುಟಿಯಲ್ಲಿ ಆ ಹಳೇ ಜುಮುಜುಮು! ಕನಿಷ್ಠ ಇಪ್ಪತ್ತು ವರ್ಷದ ಹಿಂದಿನ ತಂಬುಳಿ ನೆನಪಾಯಿತು. ಏನು ಹಾಕಿದ್ದೀರಿ ಅಕ್ಕಾ ಎಂದು ಕೇಳಿದೆ. ಆಕೆ ಒಳಗಿಂದ ಡಬ್ಬಿ ತಂದು ಅಂಗೈ ಮೇಲೆ ಸುರಿದು ತೋರಿಸಿದರು. ‘ಯೆರ್ಮಾ. ಕನ್ನಡದಲ್ಲಿ ಹೆಸರಿಲ್ಲ ಇದಕ್ಕೆ’ ಅಂದರು. ನೋಡಿದರೆ ಬಾಯಿ ಬಿಟ್ಟ ಸಿಪ್ಪೆ. ನಮ್ಮದಕ್ಕಿಂತ ಸಣ್ಣದು, ಕೆಂಪು ಜಾಸ್ತಿ. ಅಷ್ಟೇ ವ್ಯತ್ಯಾಸ. ನೇಪಾಳದ ಕಡೆಯ ಟಿಮ್ಮುರ್, ಜಪಾನಿನ ಸನ್ಶೋ, ಚೀನಾದ ಹ್ವಾಜ್ಯಾವ್ ಎಲ್ಲ ಇದರ ಅಕ್ಕತಂಗಿಯರು. ಮಾಪೊ ತೋಫು ಮೇಲೆ ಉದುರಿಸಿದ್ದ ಕಂದು ಪುಡಿ ಈ ಹ್ವಾಜ್ಯಾವ್‌ನದೇ. ಹೆಸರಿಲ್ಲ ಅಂದಿದ್ದರಲ್ಲ, ಹೆಸರು ಘಟ್ಟದ ಕಾಡಿನಲ್ಲೇ ಇತ್ತು.

ಚೀನೀ ಪದಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು, ಮಜವಾಗಿದೆ. ಹ್ವಾ ಅಂದರೆ ಹೂ, ಜ್ಯಾವ್ ಅಂದರೆ ಮೆಣಸು. ಹೂಮೆಣಸು ಅನ್ನೋಣ. ಮೊದಲು ಅಲ್ಲಿ ಬರೀ ಜ್ಯಾವ್ ಅಂದರೆ ಇದೇ. ಆಮೇಲೆ ಹೊರಗಿನಿಂದ ಕಾಳುಮೆಣಸು ಬಂತು, ಇನ್ನೂ ಆಮೇಲೆ ಮೆಣಸಿನಕಾಯಿ ಬಂತು. ಎಲ್ಲಕ್ಕೂ ಜ್ಯಾವ್ ಅಂತಲೇ ಹೆಸರಿಟ್ಟು, ಗುರುತಿಗೆ ಮುಂದೆ ಒಂದೊಂದು ಪದ ಅಂಟಿಸಿದರು. ಹಳಬನಿಗೇ ‘ಹೂ’ ಎಂಬ ಪಟ್ಟಿ ಬಿತ್ತು. ನಮ್ಮಲ್ಲಿ ಆದದ್ದೂ ಇದೇ ಅಲ್ವಾ? ಮೆಣಸು ಅಂದರೆ ಮೊದಲು ಕಾಳು. ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಾಯಿ ಬಂದು ಮೆಣಸಿನಕಾಯಿ ಅಂತ ಕೂತಿತು. ಈಗ ಕರಾವಳಿಯ ಎಷ್ಟೋ ಮನೆಗಳಲ್ಲಿ ‘ಮೆಣಸು’ ಅಂದರೆ ಕೆಂಪು ಕಾಯಿಯೇ. ಹಳೆಯ ಮೆಣಸಿಗೆ ‘ಒಳ್ಳೆಮೆಣಸು’ ಅಂತ ಸಮಾಧಾನದ ಬಹುಮಾನ.

ಚೀನಾದ ಸಿಚುವಾನ್ ಪ್ರಾಂತದ ಅಡುಗೆಯವರು ಒಂದು ಜೋಡಿಪದ ಬಳಸುತ್ತಾರೆ, ಮಾಲಾ. ಲಾ ಅಂದರೆ ಖಾರ. ಮಾ ಅಂದರೆ ನಮ್ಮ ಮೇಜಿನ ಜಗಳ. ಕಾಲಿಗೆ ಜೋಮು ಹಿಡಿದರೂ ಅವರು ಮಾ ಅನ್ನುತ್ತಾರೆ, ಅರಿವಳಿಕೆಯ ಪದದಲ್ಲೂ ಅದೇ ಮಾ ಇದೆ. ಅಂದರೆ ಹುಬ್ಬಳ್ಳಿ ಗೆಳತಿ ಹೇಳಿದ್ದು ಚೀನೀ ಪದದ ಸರಿಯಾದ ಅನುವಾದ! ಮೈಸೂರಿನವನೂ ಸೋತಿಲ್ಲ. 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಜನರ ತುಟಿಗೆ ಈ ಪುಡಿ ಹಚ್ಚಿ, ಬೆರಳಿಗೆ ಯಂತ್ರದಿಂದ ಕಂಪನ ಕೊಟ್ಟು, ಎರಡೂ ಯಾವಾಗ ಒಂದೇ ಥರ ಅನ್ನಿಸುತ್ತದೆ ಹೇಳಿ ಎಂದರು. ಸೆಕೆಂಡಿಗೆ ಸುಮಾರು 50 ಸಲ ನಡುಗಿದಾಗ ಎಂದು ಉತ್ತರ ಬಂತು. ನಮ್ಮ ಮನೆಗೆ ಬರುವ ಕರೆಂಟಿನ ಲೆಕ್ಕವೂ ಸೆಕೆಂಡಿಗೆ 50. ಇದು ಬರೀ ಕಾಕತಾಳೀಯ, ಆದರೂ ಅವನಿಗೆ ಹೇಳಿದೆ. ಮೂರು ದಿನ ಹೆಮ್ಮೆಯಲ್ಲಿ ತಿರುಗಿದ.

(ಇಲ್ಲೇ ಒಂದು ಅಡ್ಡಮಾತು. ನಮ್ಮ ಮೆನುಗಳ ‘ಶೆಜ್ವಾನ್’ ಅದೇ ಸಿಚುವಾನ್ ಪ್ರಾಂತದ ಹೆಸರು. ಶೆಜ್ವಾನ್ ದೋಸೆಯಲ್ಲಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಧಾರಾಳ, ಜುಮ್ಮು ಹುಡುಕಿದರೂ ಸಿಗುವುದಿಲ್ಲ. ಹೆಸರು ಬಂತು, ಮಾ ಅಲ್ಲೇ ಉಳಿಯಿತು.)

ಈಗ ರುಚಿಯ ಪಟ್ಟಿಗೆ ಬರುತ್ತೇನೆ. ಹುಬ್ಬಳ್ಳಿ ಗೆಳತಿಯ ವಾದ ಹೀಗೆ. ಇದು ರುಚಿಯಲ್ಲ, ಮುಟ್ಟಿದ ಅನುಭವ. ನಾಲಿಗೆಗೆ ಮಾತ್ರ ಅಲ್ಲ, ತುಟಿಗೂ ಆಗುತ್ತದೆ. ಹಾಗಾಗಿ ಪಟ್ಟಿಗೆ ಸೇರಿಸಬಾರದು. ನಾನು ಒಪ್ಪುವುದಿಲ್ಲ. ನಮ್ಮ ಆರು ರುಚಿಗಳನ್ನೇ ನೋಡಿ. ಸಿಹಿ, ಹುಳಿ, ಉಪ್ಪು, ಕಹಿ ಸರಿ. ಖಾರ? ಮೆಣಸಿನಕಾಯಿ ಎಬ್ಬಿಸುವುದು ಬಿಸಿ ತಾಗಿದಾಗ ಎಚ್ಚರಾಗುವ ನರವನ್ನೇ. ‘ಬಾಯಿ ಉರಿ’ ಅನ್ನುತ್ತೇವಲ್ಲ, ಅದು ಉಪಮೆಯಲ್ಲ, ವರದಿ. ಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗೆ ತಾಗಿದವರಿಗೆ ಖಾರ ಬರೀ ನಾಲಿಗೆಯದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಒಗರೂ ಅಷ್ಟೆ. ಎಳೆ ಬಾಳೆಕಾಯಿ ಕಚ್ಚಿದರೆ ಬಾಯಿಯ ಒಳಗೋಡೆ ಒಣಗಿ ಬಿಗಿಯುತ್ತದೆ, ಅದು ಮುಟ್ಟಿದ್ದೇ. ಅಡಿಕೆ ಬೇಯಿಸುವ ಊರಿನವನು ನಾನು. ಹಂಡೆಯಲ್ಲಿ ಉಳಿಯುವ ಚೊಗರಿನಲ್ಲಿ ಬೆರಳದ್ದಿ ನೆಕ್ಕಿ ನೋಡಿದ್ದೇನೆ. ನಾಲಿಗೆಗೆ ಗೋಣಿ ಹೊದಿಸಿದ ಹಾಗಾಗುತ್ತದೆ. ಇವೆರಡನ್ನೂ ಹಿರಿಯರು ಯಾವ ತಕರಾರೂ ಇಲ್ಲದೆ ರುಚಿ ಅಂದರು. ಹಾಗಿದ್ದ ಮೇಲೆ ಏಳನೆಯದಕ್ಕೆ ಬಾಗಿಲು ಹಾಕುವುದು ಯಾಕೆ?

ಖಾರದ ಮೇಲೆ ನಮ್ಮವರು ಹೊರಿಸಿದ ಹೊರೆಯೂ ಜಾಸ್ತಿಯಾಯಿತು. ಮೆಣಸಿನಕಾಯಿಯದ್ದು ನಾಲಿಗೆ ಸುಡುವ ಖಾರ. ಸಾಸಿವೆಯದ್ದು ಮೂಗಿನೊಳಗೆ ಏರುವ ಖಾರ, ಮಾವಿನಕಾಯಿ ಸಾಸಿವೆ ಉಂಡವರಿಗೆ ಗೊತ್ತು. ಜಪಾನೀ ಹೋಟೆಲಿನಲ್ಲಿ ಸೌತೆಕಾಯಿ ಸುಶಿ ಜೊತೆ ವಸಾಬಿ ತಿಂದಾಗ ನನಗೆ ನೆನಪಾದದ್ದು ಅದೇ. ಶುಂಠಿಯದ್ದು ಗಂಟಲ ಖಾರ. ಬೇಕರಿಗೆ ಹೋದರೆ ಸಿಹಿ ಅಲ್ಲದ್ದೆಲ್ಲ ಖಾರ. ಸಪ್ಪೆ ಸಪ್ಪೆ ಬಿಸ್ಕತ್ತೂ ‘ಖಾರ ಬಿಸ್ಕತ್ತು’. ಹಿಂದಿಯವರಿಗೆ ಖಾರಾ ಪಾನೀ ಅಂದರೆ ಉಪ್ಪುನೀರು. ಇಷ್ಟೆಲ್ಲ ಹೊತ್ತ ಪದದ ತಲೆಗೆ ಜುಮ್ಮನ್ನೂ ಹೊರಿಸುವುದು ನ್ಯಾಯವಲ್ಲ.

ಯಾರಾದರೂ ಉಮಾಮಿಗೂ (ಅಣಬೆ, ಸೋಯಾ ಸಾಸಿನಲ್ಲಿ ಸಿಗುವ ಆ ಗಾಢ ರುಚಿ) ಕನ್ನಡ ಪದ ಹುಡುಕೋಣ ಅನ್ನುವ ಮುಂಚೆ ಹೇಳಿಬಿಡುತ್ತೇನೆ, ನನಗೆ ಆಸಕ್ತಿ ಇಲ್ಲ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಅದನ್ನು ಹಿಡಿದು ಹೆಸರಿಟ್ಟರು, ಆ ಹೆಸರೇ ಚೆನ್ನಾಗಿದೆ. ಜುಮ್ಮಿನ ವಿಷಯ ಬೇರೆ. ಇಲ್ಲಿ ಹೊಸ ಪದ ಕಟ್ಟುವ ಕೆಲಸವೇ ಇಲ್ಲ, ಮರದ ಮೇಲೆ ಇದೆ.

ಆದರೂ ‘ಜುಮ್ಮು’ ಪದಕ್ಕೆ ಎರಡು ಆಕ್ಷೇಪ ಬರಬಹುದು. ಐಸ್‌ಕ್ರೀಂ ಕಚ್ಚಿದಾಗ ‘ಹಲ್ಲು ಜುಮ್ಮೆಂದಿತು’ ಅನ್ನುತ್ತೇವೆ, ಅದು ನೋವು. ‘ಮೈ ಜುಮ್ಮೆಂದಿತು’ ಅನ್ನುತ್ತೇವೆ, ಅದು ಪುಳಕ, ಕೆಲವೊಮ್ಮೆ ಹೆದರಿಕೆ. ‘ಜೋಮು’ ತೆಗೆದುಕೊಂಡರೆ ಈ ಗೊಂದಲ ಇಲ್ಲ ನಿಜ. ಆದರೆ ಜೋಮು ಹಿಡಿದ ಕಾಲನ್ನು ಯಾರೂ ಇನ್ನೊಂದು ಸಲ ಬೇಕು ಅನ್ನುವುದಿಲ್ಲ. ನಾನು ಆ ಬಟ್ಟಲನ್ನು ಎರಡು ಸಲ ತರಿಸಿದೆ.

ಇನ್ನು ಕ್ರಿಯಾಪದ. ಖಾರ ಹತ್ತುತ್ತದೆ, ನೆತ್ತಿಗೇರುತ್ತದೆ. ಸುವರ್ಣಗಡ್ಡೆ ತುರಿಸುತ್ತದೆ. ಗೇರುಹಣ್ಣು ಗಂಟಲು ಹಿಡಿಯುತ್ತದೆ. ಜುಮ್ಮು ಏನು ಮಾಡುತ್ತದೆ? ಅಮ್ಮಮ್ಮ ‘ಬಾಯಿ ಜುಮುಗುಡ್ತು’ ಅನ್ನುತ್ತಿದ್ದ ನೆನಪು. ಅದು ಊರಿನ ಮಾತೋ, ನಮ್ಮ ಮನೆಯದಷ್ಟೇ ಮಾತೋ ತಿಳಿಯಬೇಕು. ಕುಮಟಾ, ಅಂಕೋಲಾ, ಸಾಗರ, ತೀರ್ಥಹಳ್ಳಿ ಕಡೆಯವರು ಯಾರಾದರೂ ಜುಮ್ಮನಕಾಯಿ ಹಾಕುವವರಿದ್ದರೆ ದಯವಿಟ್ಟು ಬರೆಯಿರಿ. ಕೊಂಕಣಿ ಮನೆಮಾತಿನವರು ತೆಪ್ಪಳ್ ತಿಂದಾಗ ಏನನ್ನುತ್ತೀರಿ ಅಂತಲೂ ಹೇಳಿ. ಬಯಲುಸೀಮೆಯವರಿಗೆ ಈ ಕಾಯಿ ಸಿಕ್ಕಿರಲಿಕ್ಕಿಲ್ಲ, ಆದರೆ ಅಂಥ ಅನುಭವ ಕೊಡುವ ಬೇರೆ ಸೊಪ್ಪೋ ಹೂವೋ ನಿಮ್ಮ ಹೊಲದ ಬದುವಿನಲ್ಲಿ ಇರಬಹುದು. ಅದಕ್ಕೆ ಅಂಟಿಕೊಂಡ ಮಾತೂ ನನಗೆ ಬೇಕು.