ಡೈಪೋಲ್‌ನ ಒಂದು ಬದಿಗೆ ‘ಕಾಲು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಕಲಿಯುವವರಿಗಾಗಿ ತಂತಿಯ ಡೈಪೋಲ್ ಆಂಟೆನಾ ಕಟ್ಟುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೇ ಒಂದು ಪದ ಕೂರುತ್ತಿಲ್ಲ. ಅದಕ್ಕೆ ನಿಮ್ಮ ಸಲಹೆ ಬೇಕು.

ಕಟ್ಟುವ ಕೆಲಸ ಸರಳ. ತಂತಿಯನ್ನು ನಟ್ಟನಡುವೆ ಕತ್ತರಿಸಿ, ಅಲ್ಲೊಂದು ಇನ್ಸುಲೇಟರ್ ಇಟ್ಟು, ರೇಡಿಯೊದಿಂದ ಬರುವ ಕೇಬಲ್‌ನ ಒಳತಂತಿಯನ್ನು ಒಂದು ತುಂಡಿಗೆ, ಹೊರಗಿನ ಹೆಣಿಗೆಯನ್ನು ಇನ್ನೊಂದಕ್ಕೆ ಬೆಸೆಯಬೇಕು. ಉದ್ದದ ಲೆಕ್ಕವೂ ಅಷ್ಟೇ ಸುಲಭ: 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಕಂಪನಾಂಕದಿಂದ (ಫ್ರೀಕ್ವೆನ್ಸಿ) ಭಾಗಿಸಿದರೆ ಒಟ್ಟು ಉದ್ದ, ಅಂದರೆ ಸುಮಾರು ಅರ್ಧ ಅಲೆಯುದ್ದ, ಮೀಟರ್‌ಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ 20.14 ಮೀಟರ್. (ಪತ್ರಿಕೆಗಳು ‘ತರಂಗಾಂತರ’ವನ್ನು ಕಂಪನಾಂಕ, ಅಲೆಯುದ್ದ ಎರಡಕ್ಕೂ ಬಳಸಿ ಕಲಸಿಬಿಟ್ಟಿರುವುದರಿಂದ ಆ ಪದವನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ.)

ಮೊದಲ ಕರಡಿನಲ್ಲಿ ‘ಅರ್ಧ ಅಲೆಯ ಡೈಪೋಲ್, ತಂತಿಯ ಉದ್ದ 20.14 ಮೀಟರ್’ ಎಂದು ಬರೆದಿದ್ದೆ. ಓದಿದ ಹುಡುಗನೊಬ್ಬ 20.14 ಮೀಟರ್‌ನ ಎರಡು ತಂತಿ ಕತ್ತರಿಸಿ ನಡುವೆ ಜೋಡಿಸಿದ. ಒಟ್ಟು ಉದ್ದ ಒಂದು ಪೂರ್ತಿ ಅಲೆಯಷ್ಟಾಯಿತು. ಅಷ್ಟು ಉದ್ದದ ತಂತಿಗೆ ನಡುವಿನಲ್ಲಿ ಸಾವಿರಾರು ಓಮ್ ಪ್ರತಿಬಾಧೆ (ಇಂಪಿಡೆನ್ಸ್) ಇರುತ್ತದೆ. ಕೇಬಲ್‌ನದು 50 ಓಮ್. ಕೇಬಲ್‌ಗೂ ಆಂಟೆನಾಗೂ ಎಷ್ಟು ಹೊಂದಿಕೆ ತಪ್ಪಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತು. ಅವನು ಓದಿದ್ದರಲ್ಲಿ ತಪ್ಪಿರಲಿಲ್ಲ. ನಡುವಿನಿಂದ ತುದಿಯವರೆಗಿನ ಒಂದೊಂದು ಬದಿಗೆ ನನ್ನ ಬರಹದಲ್ಲಿ ಹೆಸರೇ ಇರಲಿಲ್ಲ. ‘ಅರ್ಧ’ ಎಂದರೆ ಅಲೆಯ ಅರ್ಧವೋ ತಂತಿಯ ಅರ್ಧವೋ ಎಂದು ತಿಳಿಯುವ ದಾರಿ ಅವನಿಗಿರಲಿಲ್ಲ.

ಆಗ ಹೊಳೆದದ್ದು ‘ಕಾಲು’. ಇಡೀ ಡೈಪೋಲ್ ಅರೆ ಅಲೆಯಾದರೆ ಒಂದು ಬದಿ ಕಾಲು ಅಲೆ. ಇಂಗ್ಲಿಷಿನ ಹ್ಯಾಮ್‌ಗಳೂ ಒಂದೊಂದು ಬದಿಯನ್ನು ಕಾಲು ಎಂದೇ ಕರೆಯುತ್ತಾರೆ, ಆದರೆ ಅವರಿಗೆ ಅದು ದೇಹದ ಕಾಲು ಮಾತ್ರ. ನಮ್ಮಲ್ಲಿ ದೇಹದ ಕಾಲೂ ನಾಲ್ಕನೇ ಒಂದು ಪಾಲೂ ಒಂದೇ ಪದ. ತಮಿಳಿನಲ್ಲೂ ಹಾಗೆಯೇ, ಸಂಸ್ಕೃತದ ‘ಪಾದ’ಕ್ಕೂ ಈ ಎರಡೂ ಅರ್ಥ ಇದೆ. ‘ಎರಡು ಕಾಲು ಸೇರಿ ಅರೆ’ ಎಂದರೆ ಮುಗಿಯಿತು, ಅಳತೆ ಹೆಸರಿನಲ್ಲೇ ಇದೆ. ನಡುವನ್ನು ಕಂಬಕ್ಕೇರಿಸಿ ತುದಿಗಳನ್ನು ಇಳಿಬಿಟ್ಟು ಕಟ್ಟಿದಾಗಲಂತೂ ಅದು ಕಾಲಗಲಿಸಿ ನಿಂತಂತೆಯೇ ಕಾಣುತ್ತದೆ.

ತೊಡಕುಗಳೂ ಇವೆ. ಮೊದಲನೆಯದು ಅಂಕಿಗಳದ್ದು. ತಂತಿಯನ್ನು ಯಾವಾಗಲೂ ತುಸು ಉದ್ದವಾಗಿ ಕತ್ತರಿಸಿ, ಮೇಲೇರಿಸಿ ಅಳೆದು, ಆಮೇಲೆ ಸವರುತ್ತಾ ಬರಬೇಕು. ಉದ್ದವಿದ್ದರೆ ಆಂಟೆನಾ ಹೊಂದಿಕೊಳ್ಳುವ ಕಂಪನಾಂಕ ಕೆಳಗೆ ಕೂರುತ್ತದೆ, ಸವರಿದಂತೆ ಮೇಲೇರುತ್ತದೆ. 7.1ರ ಆಸುಪಾಸಿನಲ್ಲಿ ಎರಡೂ ಬದಿ ಒಂದೊಂದು ಸೆಂಟಿಮೀಟರ್ ಸವರಿದರೆ ಸುಮಾರು 7 ಕಿಲೋಹರ್ಟ್ಸ್ ಏರುತ್ತದೆ. ಹಾಗಾಗಿ, ಲೆಕ್ಕಕ್ಕೆ ಬರುವ 10.07 ಮೀಟರ್‌ಗೆ ಬದಲಾಗಿ, ‘ಒಂದೊಂದು ಕಾಲನ್ನೂ ಹತ್ತೂಕಾಲು ಮೀಟರ್‌ಗೆ ಕತ್ತರಿಸಿ’ ಎಂದು ಬರೆಯಬೇಕಾಯಿತು. ಬರೆದು ನೋಡಿದರೆ ನನಗೇ ಮುಗ್ಗರಿಸಿದಂತಾಯಿತು. ‘10.25 ಮೀಟರ್’ ಎಂದು ಅಂಕಿಯಲ್ಲೇ ಬರೆದರೆ ಇದು ಬಗೆಹರಿಯುತ್ತದೆ, ಆದರೆ ಓದಿ ಹೇಳುವವರ ಬಾಯಲ್ಲಿ ಮತ್ತೆ ‘ಹತ್ತೂಕಾಲು’ ಬಂದೇ ಬರುತ್ತದೆ.

ಎರಡನೆಯ ತೊಡಕು ಗಟ್ಟಿ. 40 ಮೀಟರ್ ಬ್ಯಾಂಡಿಗೆಂದು (7 ಮೆಗಾಹರ್ಟ್ಸ್‌ನ ಸುತ್ತಿನ ಕಂಪನಾಂಕಗಳಿಗೆಂದು) ಕಟ್ಟಿದ ಡೈಪೋಲ್ ಮೂರರಷ್ಟು ಕಂಪನಾಂಕದಲ್ಲಿ, ಅಂದರೆ 21 ಮೆಗಾಹರ್ಟ್ಸ್‌ನ ಸುತ್ತ, ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ. ಅನೇಕರು ಒಂದೇ ತಂತಿಯಲ್ಲಿ ಎರಡೂ ಬ್ಯಾಂಡ್ ನಡೆಸುತ್ತಾರೆ. ಅಲ್ಲಿ ಒಂದೊಂದು ಬದಿಯೂ ಮುಕ್ಕಾಲು ಅಲೆ! ಮುಕ್ಕಾಲಾದದ್ದನ್ನು ಕಾಲು ಎಂದು ಕರೆದರೆ, ಪದದ ಅಂದವೇ ಕಲಿಯುವವನಿಗೆ ಅಡ್ಡ ಬರುತ್ತದೆ.

ಇನ್ನುಳಿದಂತೆ ‘ತೋಳು’ ಇದೆ. ನೇರವಾಗಿ ಕಟ್ಟಿದ ಡೈಪೋಲ್ ತೋಳು ಚಾಚಿದಂತೆಯೇ ಇರುತ್ತದೆ, ಯಾವ ಬ್ಯಾಂಡಿಗೂ ಸುಳ್ಳಾಗುವುದಿಲ್ಲ. ‘ಪಕ್ಕ’, ‘ಭಾಗ’ ತೀರಾ ಸಪ್ಪೆ. ‘ರೆಕ್ಕೆ’ ಚೆಂದ, ಆದರೆ ಅಗಲವಾದುದನ್ನು ನೆನಪಿಸುತ್ತದೆ.

ಡೈಪೋಲ್‌ಗೆ ಪಠ್ಯಪುಸ್ತಕದ ‘ದ್ವಿಧ್ರುವ’ವನ್ನು ಬಳಸದಿರಲು ನಿರ್ಧರಿಸಿದ್ದೇನೆ. ಆ ಪದ ಕೇಳಿದೊಡನೆ ಉತ್ತರ, ದಕ್ಷಿಣ ಎಂದು ಗೊತ್ತುಮಾಡಿದ ಎರಡು ತುದಿಗಳು ಕಣ್ಣಮುಂದೆ ಬರುತ್ತವೆ. ಈ ತಂತಿಯ ತುದಿಗಳಲ್ಲಿ ಧನ, ಋಣ ಸೆಕೆಂಡಿಗೆ ಲಕ್ಷಾಂತರ ಸಲ ಅದಲುಬದಲಾಗುತ್ತವೆ. ಡೈಪೋಲ್ ಡೈಪೋಲ್ ಆಗಿಯೇ ಇರಲಿ.

ಸದ್ಯಕ್ಕೆ ನನ್ನ ಮನಸ್ಸು ಹೀಗಿದೆ: ಬದಿಯ ಹೆಸರು ‘ತೋಳು’, ಅದರ ಅಳತೆ ‘ಕಾಲು ಅಲೆ’. ‘ಒಂದೊಂದು ತೋಳೂ ಕಾಲು ಅಲೆ’ ಎಂಬ ವಾಕ್ಯ ಓದಿದಾಗ ನಿಮಗೆ ಸಲೀಸಾಗಿ ಕೇಳಿಸುತ್ತದೆಯೇ, ಇಲ್ಲ ತೋಳು, ಕಾಲು ಒಟ್ಟಿಗೆ ಬಂದು ಗಲಿಬಿಲಿಯಾಗುತ್ತದೆಯೇ? ಗಲಿಬಿಲಿ ಎನ್ನುವವರು ‘ಕಾಲಲೆ’ ಎಂದು ಕೂಡಿಸಿ ಬರೆದರೆ ಒಪ್ಪುವಿರಾ?