ಗ್ರಂಥಗಳಲ್ಲಿಲ್ಲದ ಗ್ರೀಕ್ ಅರಸರ ಕಾಲಕ್ರಮವನ್ನು ನಾಣ್ಯಗಳಿಂದ ತಿಳಿಯುವುದು ಹೇಗೆ?

ಪ್ರಶ್ನೆ:
ಕಳೆದ ವರ್ಷ ಕೊಂಡ ಕ್ರಿ.ಪೂ. ಎರಡನೆಯ ಶತಮಾನದ ಇಂಡೋ-ಗ್ರೀಕ್ ಅರಸ ಮೆನಾಂಡರನ ‘ದ್ರಾಕ್ಮ’ವೆಂಬ ಬೆಳ್ಳಿಯ ನಾಣ್ಯವೊಂದು ನನ್ನಲ್ಲಿದೆ (ನಮ್ಮ ಶಾಸನಗಳ ‘ದ್ರಮ್ಮ’ದ ಮೂಲವೂ ಈ ಪದವೇ). ತೂಕ 2.4 ಗ್ರಾಂ. ಒಂದು ಬದಿಯಲ್ಲಿ ಅರಸನ ಮುಖ ಮತ್ತು ಗ್ರೀಕ್ ಬರಹ, ಇನ್ನೊಂದು ಬದಿಯಲ್ಲಿ ಸಿಡಿಲನ್ನೆಸೆಯುವ ಅಥೇನಾ ದೇವಿ ಮತ್ತು ವಾಯವ್ಯ ಭಾರತದ ಪ್ರಾಚೀನ ಲಿಪಿಯಾದ ಖರೋಷ್ಠಿಯಲ್ಲಿ ‘ಮಹರಜಸ ತ್ರತರಸ ಮೆನಂದ್ರಸ’ ಎಂಬ ಬರಹವಿದೆ. ಮೆನಾಂಡರನ ಹೆಸರನ್ನು ‘ಮಿಲಿಂದಪಞ್ಹ’ ಎಂಬ ಪಾಳಿ ಬೌದ್ಧಗ್ರಂಥ ಉಳಿಸಿದೆ, ಸರಿ. ಆದರೆ ಬ್ಯಾಕ್ಟ್ರಿಯಾ (ಇಂದಿನ ಉತ್ತರ ಅಫ್ಘಾನಿಸ್ತಾನದ ಸುತ್ತಿನ ನಾಡು), ಗಾಂಧಾರಗಳನ್ನು ಆಳಿದ ಮೂವತ್ತಕ್ಕೂ ಹೆಚ್ಚು ಗ್ರೀಕ್ ಅರಸರಲ್ಲಿ ಬಹುಪಾಲು ಜನರ ಸುಳಿವು ಯಾವ ಗ್ರಂಥದಲ್ಲಿಯೂ ಇಲ್ಲದಿರುವಾಗ, ಯಾರ ನಂತರ ಯಾರು ಆಳಿದರೆಂದು ವಿದ್ವಾಂಸರು ಹೇಗೆ ನಿರ್ಧರಿಸುತ್ತಾರೆ? ಮುಂದೆ ಇದೇ ಇಂಡೋ-ಗ್ರೀಕ್ ರಾಣಿ ಅಗಾಥೊಕ್ಲಿಯಾಳ ಅಪರೂಪದ ನಾಣ್ಯವೊಂದನ್ನು ಕೊಳ್ಳುವ ಆಸೆಯಿದೆ.

ಉತ್ತರ 1:
ಎರಡೂ ಬರಹಗಳು ಷಷ್ಠೀ ವಿಭಕ್ತಿಯಲ್ಲಿವೆ ಎಂಬುದನ್ನು ಗಮನಿಸಿ: ‘ಮಹಾರಾಜನೂ ರಕ್ಷಕನೂ ಆದ ಮೆನಾಂಡರನದು’. ಒಂದೇ ಹೆಸರು ಎರಡು ಲಿಪಿಗಳಲ್ಲಿ ಹೀಗೆ ಎದುರುಬದುರಾಗಿ ನಿಂತಿದ್ದರಿಂದಲೇ 1830ರ ದಶಕದಲ್ಲಿ ಜೇಮ್ಸ್ ಪ್ರಿನ್ಸೆಪ್ ಮೊದಲಾದವರಿಗೆ ಖರೋಷ್ಠಿಯನ್ನು ಓದುವುದು ಸಾಧ್ಯವಾಯಿತು. ಕಾಲಕ್ರಮಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷಿ ಮರುಟಂಕಿತ ನಾಣ್ಯಗಳು. ಹಿಂದಿನವರ ನಾಣ್ಯವನ್ನು ಕರಗಿಸದೆ ಅದರ ಮೇಲೆಯೇ ತನ್ನ ಅಚ್ಚನ್ನು ಒತ್ತಿಸಿದ ಅರಸ, ತಾನು ಅವರಿಗಿಂತ ಈಚಿನವನೆಂದೋ ಸಮಕಾಲೀನನೆಂದೋ ತಾನೇ ಬರೆದುಕೊಟ್ಟಂತಾಗುತ್ತದೆ. ಇಂಡೋ-ಗ್ರೀಕ್ ಅರಸ ಎರಡನೆಯ ಹೆಲಿಯೊಕ್ಲಿಸನು ಆಂಟಿಯಾಲ್ಕಿಡಸ್, ಅಗಾಥೊಕ್ಲಿಯಾ ಮೊದಲಾದವರ ನಾಣ್ಯಗಳ ಮೇಲೆ ಹೀಗೆ ಒತ್ತಿಸಿದ್ದಾನೆ. ಇವರಲ್ಲಿ ಆಂಟಿಯಾಲ್ಕಿಡಸನಿಗೆ ಕಲ್ಲಿನ ಸಾಕ್ಷಿಯೂ ಇದೆ. ವಿದಿಶೆಯ ಬಳಿ ವಾಸುದೇವನಿಗಾಗಿ ಗರುಡಸ್ತಂಭವನ್ನು ನಿಲ್ಲಿಸಿದ ಹೆಲಿಯೊಡೋರಸನು ಇವನ ರಾಯಭಾರಿ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಅಪರೂಪವೆಂಬ ಮಾತಿಗೆ ಸಂಗ್ರಾಹಕರು ಅತಿಯಾದ ಬೆಲೆ ಕೊಡುತ್ತಾರೆ; ನಾಣ್ಯ ಎಲ್ಲಿ, ಯಾವುದರೊಡನೆ ದೊರೆಯಿತೆಂಬುದು ನನಗೆ ಅದಕ್ಕಿಂತ ಮುಖ್ಯ. 1970ರಲ್ಲಿ ಅಫ್ಘಾನಿಸ್ತಾನದ ಐ-ಖಾನೂಮ್ ಎಂಬ ಪ್ರಾಚೀನ ಗ್ರೀಕ್ ನಗರದ ಉತ್ಖನನದಲ್ಲಿ ಅಗಾಥೊಕ್ಲಿಸನೆಂಬ ಗ್ರೀಕ್ ಅರಸನ (ರಾಣಿ ಅಗಾಥೊಕ್ಲಿಯಾ ಬೇರೆ) ಆರು ಚೌಕಾಕಾರದ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಅವುಗಳ ಮೇಲೆ ನೇಗಿಲು ಹಿಡಿದ ಸಂಕರ್ಷಣನೂ (ಬಲರಾಮ) ಚಕ್ರ ಹಿಡಿದ ವಾಸುದೇವನೂ ಇದ್ದಾರೆ. ಅವೇ ಆರು ನಾಣ್ಯಗಳು ಯಾರದೋ ಚೀಲದಿಂದ ನೇರವಾಗಿ ಪೇಟೆಗೆ ಬಂದಿದ್ದರೆ, ಗ್ರೀಕ್ ಅರಸನೊಬ್ಬ ಕೃಷ್ಣನನ್ನು ಅಚ್ಚು ಹಾಕಿಸಿದನೆಂದರೆ ನಕಲಿಯೆಂದು ನಗುವವರೇ ಹೆಚ್ಚಾಗುತ್ತಿದ್ದರು. ಅಗಾಥೊಕ್ಲಿಯಾಳ ನಾಣ್ಯವನ್ನು ಕೊಳ್ಳುವುದಾದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಎರಕದ ನಕಲಿಗಳಲ್ಲಿ ಅನೇಕವೇಳೆ ಅಚ್ಚಿನ ಎರಡು ಭಾಗಗಳು ಸೇರಿದ ಕೂಡುಗೆರೆಯೂ ಗುಳ್ಳೆಯ ಕುಳಿಗಳೂ ಕಾಣುತ್ತವೆ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಭಾರತದಿಂದ ಹೊರಕ್ಕೆ ಕಳುಹಿಸುವುದನ್ನು 1972ರ ಪುರಾವಸ್ತು ಕಾಯಿದೆ ನಿಷೇಧಿಸುತ್ತದೆಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ನನ್ನ ದ್ರಾಕ್ಮದ ಅಂಚಿನಲ್ಲಿ ಕೂಡುಗೆರೆಯಿಲ್ಲ. ಆದರೆ ಅದು ದೊರೆತ ಸ್ಥಳದ ಬಗ್ಗೆ ಮಾರಿದವರು ಒಂದು ಸಾಲನ್ನೂ ಬರೆದುಕೊಟ್ಟಿಲ್ಲ, ನಾನೂ ಕೇಳಿರಲಿಲ್ಲ. ಅದನ್ನು ಕೇಳಿ ಅವರಿಗೆ ಇಂದೇ ಪತ್ರ ಬರೆಯುತ್ತೇನೆ; ರಾಣಿಯ ನಾಣ್ಯ ಅಲ್ಲಿಯವರೆಗೆ ಕಾಯಲಿ.