ಸಣ್ಣ ಬಾರ್‌ಗಳಿಗೆ ಬೇಸ್ ಆಂಪ್: ಎರಡನೇ ಸೆಟ್‌ನಲ್ಲಿ ಸದ್ದು ನಿಂತುಹೋಗುತ್ತಿದೆ, ಯಾವುದನ್ನು ಕೊಳ್ಳಲಿ?

ತೋಟದ ನಾಲ್ಕುತಂತಿ (ವಿರಾಜಪೇಟೆ):
ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ವರ ತಂಡ. ಶನಿವಾರಗಳಂದು ಮಡಿಕೇರಿ, ಗೋಣಿಕೊಪ್ಪಲು ಕಡೆಯ ಸಣ್ಣ ಬಾರ್‌ಗಳಲ್ಲಿ, ನಲವತ್ತು ಐವತ್ತು ಜನ ಕೂರುವಂಥ ಜಾಗಗಳಲ್ಲಿ ನುಡಿಸುತ್ತೇವೆ. ನನ್ನ ಬೇಸ್ ಆಂಪ್ (ಬೇಸ್ ಗಿಟಾರಿನ ಸದ್ದನ್ನು ಹೆಚ್ಚಿಸುವ ಪೆಟ್ಟಿಗೆ) 200 ವ್ಯಾಟಿನದು. ಕಳೆದ ಮೂರು ಶನಿವಾರಗಳಿಂದ ಎರಡನೇ ಸೆಟ್ಟಿನ ಕೊನೆಗೆ, ನಾವು ವಾಲಗದ ತಾಳ ಎತ್ತಿಕೊಂಡು ಜನರೆಲ್ಲ ಕುರ್ಚಿ ಸರಿಸಿ ಕುಣಿಯಲು ಎದ್ದು ನಿಂತ ಹೊತ್ತಿಗೆ ಸರಿಯಾಗಿ, ಆಂಪ್ ಒಮ್ಮೆಲೇ ಮೂಕವಾಗುತ್ತದೆ. ಮುಂದಿನ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಐದಾರು ನಿಮಿಷ ಬಿಟ್ಟರೆ ತಾನಾಗಿಯೇ ಸರಿಹೋಗಿ, ಎರಡು ಹಾಡು ಕಳೆಯುವಷ್ಟರಲ್ಲಿ ಮತ್ತೆ ಕೈಕೊಡುತ್ತದೆ. ಮೊದಲ ಸಲ ನಕ್ಕಿದ್ದ ನಮ್ಮ ಡ್ರಮ್ಮರ್ ಈಗ ನನ್ನ ಮುಖವನ್ನೇ ನೋಡುತ್ತಿಲ್ಲ. ಈ ಆಂಪ್‌ಗೆ ಶಕ್ತಿ ಸಾಲದು ಎಂಬುದು ನನಗೆ ಸ್ಪಷ್ಟವಾಗಿದೆ. ಕೈಯಲ್ಲಿ ಅರವತ್ತು ಸಾವಿರ ರೂಪಾಯಿ ಇದೆ. 500 ವ್ಯಾಟ್ ಸಾಕೇ ಅಥವಾ 800 ಬೇಕೇ ಎಂಬುದನ್ನಷ್ಟೇ ತಿಳಿಸಿ. ಮೆಲ್ಲಗೆ ನುಡಿಸಿ ಎಂಬ ಉಪದೇಶ ದಯವಿಟ್ಟು ಬೇಡ.

ಮಳೆಗಾಲ (ಸೋಮವಾರಪೇಟೆ):
ಇದು ಆಂಪ್‌ನ ದೋಷವಲ್ಲ, ವೋಲ್ಟೇಜಿನದು. ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ಬೀಳುವುದು, ರಾತ್ರಿಯಾದೊಡನೆ ದೀಪ ಮಂಕಾಗುವುದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸತಲ್ಲ. ಬಾರ್‌ನ ಫ್ರಿಜ್, ಫ್ರೀಜರ್, ಅಡುಗೆಮನೆಯ ಮಿಕ್ಸಿ ಎಲ್ಲವೂ ಒಂದೇ ಲೈನಿನಲ್ಲಿದ್ದರೆ ಆಂಪ್ ಸೋಲದೆ ಇನ್ನೇನು ಮಾಡೀತು? ಮೊದಲು ಒಳ್ಳೆಯ ಸ್ಟೆಬಿಲೈಸರ್ ಕೊಳ್ಳಿ. ನನ್ನ ಕೀಬೋರ್ಡ್ ಆಂಪ್ ನಾಲ್ಕು ವರ್ಷಗಳಿಂದ ಅದರ ಮೇಲೆಯೇ ನಡೆಯುತ್ತಿದೆ.

ವಾಲ್ವ್ ಮೋಹಿ (ಮೈಸೂರು, ಮೂಲತಃ ಮಡಿಕೇರಿ):
ಇಂದಿನ ಕ್ಲಾಸ್ ಡಿ (ಹಗುರವಾದ ಸ್ವಿಚಿಂಗ್ ಬಗೆಯ) ಆಂಪ್‌ಗಳ ವ್ಯಾಟ್ ಎಂಬುದು ಕಾಗದದ ಲೆಕ್ಕವಷ್ಟೆ. ಆಂಪೆಗ್ ಕಂಪನಿಯ ಎಸ್‌ವಿಟಿ, ಗಾಜಿನ ವಾಲ್ವ್‌ಗಳಿಂದ ನಡೆಯುವ ಬೇಸ್ ಆಂಪ್, 1969ರಲ್ಲಿ ಬಂದಾಗ ಅದರ 300 ವ್ಯಾಟ್ ದೊಡ್ಡ ವೇದಿಕೆಗಳಿಗೇ ಸಾಕಾಗಿತ್ತು. ನನ್ನ ಮನೆಯಲ್ಲಿ ವಾಲ್ವ್ ಹೆಡ್ಡಿನ (ಸ್ಪೀಕರ್ ಇಲ್ಲದ ಬರೀ ಆಂಪ್) ಜೊತೆಗೆ ಹತ್ತಿಂಚಿನ ಎಂಟು ಸ್ಪೀಕರ್‌ಗಳ ಕ್ಯಾಬಿನೆಟ್ಟೂ ಇದೆ. ಒಮ್ಮೆ ಅದನ್ನು ಕುಶಾಲನಗರದ ಮದುವೆಗೆ ಪಿಕಪ್ಪಿನಲ್ಲಿ ಒಯ್ದಿದ್ದೆವು. ನಾಲ್ವರು ಹೊತ್ತರೂ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಒಬ್ಬರ ಬೆರಳು ಜಜ್ಜಿತು, ಆದರೆ ಆ ನಾದವನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ.

ಐದನೇ ತಂತಿ (ಗೋಣಿಕೊಪ್ಪಲು):
ಐವತ್ತು ಜನರ ಬಾರ್‌ಗೆ ಎಂಟು ಸ್ಪೀಕರ್‌ಗಳ ಕ್ಯಾಬಿನೆಟ್ ಇಳಿಸಿದರೆ ಐದು ಜನರ ಜಾಗ ಅದಕ್ಕೇ ಹೋಗುತ್ತದೆ, ಸರ್. ಮೂಲ ಪ್ರಶ್ನೆಗೆ ಬರುವುದಾದರೆ, 200ರಿಂದ 400 ವ್ಯಾಟಿಗೆ ಏರಿದರೆ ಸಿಗುವುದು ಕೇವಲ 3 ಡೆಸಿಬೆಲ್ (ಸದ್ದಿನ ಅಳತೆ). ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತುಪಟ್ಟು ಶಕ್ತಿ. ಅರವತ್ತು ಸಾವಿರ ಸುರಿದು 500 ವ್ಯಾಟ್ ತಂದರೂ 'ಅಬ್ಬಾ' ಎನ್ನುವಂಥ ವ್ಯತ್ಯಾಸ ಕಾಣಿಸದು.

ವಾಲ್ವ್ ಮೋಹಿ:
ಲೆಕ್ಕ ಒಪ್ಪಿದೆ, ಆದರೆ ವಾಲ್ವ್ ತನ್ನ ಮಿತಿ ದಾಟುವಾಗ ನಾದ ಮೆತ್ತಗೆ ಒಡೆಯುತ್ತದೆ. ಆ ಗುಣ ಲೆಕ್ಕಕ್ಕೆ ಸಿಗುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಐದನೇ ತಂತಿ:
ಅವರು ಕೇಳಿದ್ದು ನಾದದ ಗುಣವನ್ನಲ್ಲ. ಆಂಪ್ ಏಕೆ ನಿಲ್ಲುತ್ತದೆ ಎಂದು ಕೇಳಿದ್ದಾರೆ.

ಸೋಲ್ಡರ್ ಕಡ್ಡಿ (ಕುಶಾಲನಗರ):
ಕೆಲವು ವಿವರಗಳು ಬೇಕು. ನಿಮ್ಮದು ಸ್ಪೀಕರ್ ಒಳಗೇ ಇರುವ ಕಾಂಬೋವೇ, ಅಥವಾ ಹೆಡ್ಡೂ ಕ್ಯಾಬಿನೆಟ್ಟೂ ಬೇರೆ ಬೇರೆಯೇ? ಹಿಂದಿನ ಫಲಕದಲ್ಲಿ ಸ್ಪೀಕರ್ ತೂತಿನ ಪಕ್ಕ ಎಷ್ಟು ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಎಂದು ಬರೆದಿದೆ? ನಿಂತುಹೋದಾಗ ಹಿಂದಿನ ಲೋಹದ ಭಾಗವನ್ನು ಮುಟ್ಟಿ ನೋಡಿದ್ದೀರಾ?

ತೋಟದ ನಾಲ್ಕುತಂತಿ:
200 ವ್ಯಾಟ್ ಎಂದು ಮೊದಲೇ ಬರೆದಿದ್ದೇನೆ. ಕಾಂಬೋ, ಹನ್ನೆರಡು ಇಂಚಿನ ಒಂದು ಸ್ಪೀಕರ್. ಹಿಂಭಾಗ ಕೈ ಇಡಲಾಗದಷ್ಟು ಸುಡುತ್ತದೆ. ಮಳೆಗಾಲ ಅವರ ಮಾತು ಕೇಳಿ ನಿನ್ನೆ ಬಾರ್‌ಗೆ ಹೋಗಿ, ಎಲ್ಲ ದೀಪ, ಫ್ರಿಜ್‌ಗಳು ನಡೆಯುತ್ತಿದ್ದಾಗಲೇ ಮಲ್ಟಿಮೀಟರಿನಲ್ಲಿ ಅಳೆದೆ. 208 ವೋಲ್ಟ್ ತೋರಿಸಿತು.

ಮಳೆಗಾಲ:
208! ನೋಡಿದಿರಾ? 230 ಇರಬೇಕಾದ ಕಡೆ 208. ಇನ್ನೇನು ಬೇಕು? ಸ್ಟೆಬಿಲೈಸರ್ ಕೊಳ್ಳದೆ ಹೊಸ ಆಂಪ್ ತಂದರೆ ಅದನ್ನೂ ಸುಟ್ಟುಕೊಳ್ಳುತ್ತೀರಿ.

ಸೋಲ್ಡರ್ ಕಡ್ಡಿ:
230ರಲ್ಲಿ ಹತ್ತು ಶೇಕಡಾ ಕಳೆದರೆ 207. ನಿಮ್ಮದು ಇನ್ನೂ ಅದರ ಮೇಲೆಯೇ ಇದೆ. ಅಲ್ಲದೆ ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಬಗೆಯ ಆಂಪ್‌ಗೆ ವೋಲ್ಟೇಜ್ ಕಡಿಮೆಯಾದರೆ ಅದು ಕೊಡುವ ಗರಿಷ್ಠ ಶಕ್ತಿ ತಗ್ಗೀತೇ ಹೊರತು, ಕೈ ಸುಡುವಷ್ಟು ಕಾಯುವುದಿಲ್ಲ. ಹೀಗೆ ಕಾಯಬೇಕಾದರೆ ಅದರಿಂದ ಯಾವುದೋ ಮಿತಿಮೀರಿದ ಕರೆಂಟ್ ಎಳೆಯುತ್ತಿರಬೇಕು.

ಮಳೆಗಾಲ:
ನಿಮ್ಮ ರಿಪೇರಿ ಅಂಗಡಿ ಕುಶಾಲನಗರದ ಬಯಲಿನಲ್ಲಿದೆ, ನಮ್ಮ ಬೆಟ್ಟದ ಕರೆಂಟಿನ ಪಾಡು ನಿಮಗೆ ತಿಳಿಯದು. ಮೊನ್ನೆ ನಮ್ಮ ಮನೆಯಲ್ಲಿ 170ಕ್ಕೆ ಇಳಿದಿತ್ತು.

ಸೋಲ್ಡರ್ ಕಡ್ಡಿ:
ನಿಮ್ಮ ಮನೆಯ 170 ಇವರ ಬಾರ್‌ನ 208ನ್ನು ಬದಲಿಸುವುದಿಲ್ಲ. ನಾಲ್ಕುತಂತಿಯವರೇ, ಮೂರು ಶನಿವಾರಗಳಿಂದ ಎಂದು ಬರೆದಿದ್ದೀರಿ. ಅದಕ್ಕೆ ಹಿಂದೆ ಹೇಗಿತ್ತು? ಹಿಂದಕ್ಕೆ ಎಣಿಸಿದರೆ ನಾಲ್ಕನೆಯ ಶನಿವಾರಕ್ಕೂ ಮೂರನೆಯದಕ್ಕೂ ನಡುವೆ ಏನನ್ನಾದರೂ ಬದಲಿಸಿದಿರಾ?

ತೋಟದ ನಾಲ್ಕುತಂತಿ:
ಹಿಂದೆ ಎರಡು ವರ್ಷ ಒಮ್ಮೆಯೂ ನಿಂತಿರಲಿಲ್ಲ. ಬದಲಾವಣೆ ಎಂದರೆ, ಸದ್ದು ಸಾಲದೆಂದು ಒಬ್ಬರಿಂದ ಹಳೆಯ ಎಕ್ಸ್‌ಟೆನ್ಷನ್ ಕ್ಯಾಬಿನೆಟ್ ತೆಗೆದುಕೊಂಡು ಸೇರಿಸಿದ್ದೇನೆ, ಅಷ್ಟೆ. ಅದರಲ್ಲಿ ಹತ್ತಿಂಚಿನ ಎರಡು ಸ್ಪೀಕರ್‌ಗಳಿವೆ. ಸದ್ದು ಹೆಚ್ಚಿದ್ದು ನಿಜ. ಅದು ಆಂಪ್ ಅಲ್ಲವಲ್ಲ, ಬರೀ ಡಬ್ಬ ಎಂದುಕೊಂಡು ಇಲ್ಲಿ ಹೇಳಲಿಲ್ಲ.

ಐದನೇ ತಂತಿ:
ಅಯ್ಯೋ, ಅಣ್ಣ.

ಸೋಲ್ಡರ್ ಕಡ್ಡಿ:
ಈಗ ವಿಷಯ ಹಿಡಿತಕ್ಕೆ ಬಂತು. ಒಳಗಿನ ಸ್ಪೀಕರ್ ಸಾಮಾನ್ಯವಾಗಿ 8 ಓಮ್ ಇರುತ್ತದೆ. ಹಿಂದಿನ ಫಲಕದಲ್ಲಿ 'ಕನಿಷ್ಠ 4 ಓಮ್' ಎಂದಿದ್ದರೆ, ಹೊರಗಿನಿಂದ ಸೇರಿಸುವುದೂ 8 ಓಮ್ ಆಗಿರಬೇಕು. ಆಗ ಎರಡೂ ಸಮಾನಾಂತರವಾಗಿ ಸೇರಿ ಒಟ್ಟು 4 ಆಗುತ್ತದೆ. ನಿಮ್ಮ ಡಬ್ಬ 4 ಓಮಿನದಾದರೆ ಎಂಟನ್ನು ನಾಲ್ಕರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿ ನೋಡಿ, 2.67 ಓಮ್ ಬರುತ್ತದೆ. ಆಂಪ್ ತನ್ನ ಲೆಕ್ಕಕ್ಕಿಂತ ಸುಮಾರು ಒಂದೂವರೆಪಟ್ಟು ಕರೆಂಟನ್ನು ತಳ್ಳಬೇಕಾಗುತ್ತದೆ, ಕಾಯುತ್ತದೆ, ಒಳಗಿನ ರಕ್ಷಣೆಯ ಸರ್ಕ್ಯೂಟ್ ಅದನ್ನು ನಿಲ್ಲಿಸುತ್ತದೆ. ಮೊದಲ ಸೆಟ್ಟಿನ ನಿಧಾನದ ಹಾಡುಗಳಲ್ಲಿ ತಡೆದುಕೊಳ್ಳುತ್ತದೆ. ವಾಲಗದಲ್ಲಿ ಬೇಸ್ ಬಿಡುವಿಲ್ಲದೆ ಓಡುವುದರಿಂದ ತಣ್ಣಗಾಗಲು ಹೊತ್ತೇ ಸಿಗುವುದಿಲ್ಲ. ಡಬ್ಬದ ಕೇಬಲ್ ಬಿಚ್ಚಿ, ಅದರ ತೂತಿಗೆ ಮಲ್ಟಿಮೀಟರ್ ಹಿಡಿದು ಅಳೆಯಿರಿ. 8 ಓಮಿನದು ಮೀಟರಿನಲ್ಲಿ ಸುಮಾರು ಆರರಿಂದ ಏಳು ತೋರಿಸಬೇಕು. ಸೇರಿಸಲು ಬಳಸುತ್ತಿರುವ ಕೇಬಲ್ ಯಾವುದೆಂದೂ ನೋಡಿ.

ತೋಟದ ನಾಲ್ಕುತಂತಿ:
ಡಬ್ಬದ ಹಿಂದೆ ಯಾವುದೋ ತಂಡದ ದೊಡ್ಡ ಸ್ಟಿಕರ್ ಅಂಟಿಸಿದ್ದರು. ಬಿಸಿನೀರಿನ ಬಟ್ಟೆ ಇಟ್ಟು ಕಾಯಿಸಿ, ಉಗುರಿನಿಂದ ಮೆಲ್ಲಗೆ ಬಿಡಿಸಿದಾಗ ಅಡಿಯಲ್ಲಿ ಅಚ್ಚಾದ ಅಕ್ಷರಗಳು ಕಂಡವು: 4 ಓಮ್. ಮೀಟರ್ ತೋರಿಸಿದ್ದು 3.4. ತೂತಿನ ಸುತ್ತ ಹಸಿರು ಕಿಲುಬು ಬೇರೆ. ಕೇಬಲ್ ಗಿಟಾರಿನದೇ, ಎರಡೂ ತುದಿ ಒಂದೇ ರೀತಿ ಇದ್ದುದರಿಂದ ಹಾಕಿದ್ದೆ. ಮಾರಿದವರು ಎಲ್ಲದಕ್ಕೂ ಸರಿಹೊಂದುತ್ತದೆ ಎಂದಿದ್ದರು.

ಸೋಲ್ಡರ್ ಕಡ್ಡಿ:
ಗಿಟಾರ್ ಕೇಬಲ್ಲಿನ ಒಳತಂತಿ ಕೂದಲಿನಷ್ಟು ತೆಳು, ಸ್ಪೀಕರಿನ ಕರೆಂಟಿಗೆ ಅದು ಅಲ್ಲ. ಎರಡು ದಪ್ಪ ಎಳೆಗಳ ಸ್ಪೀಕರ್ ಕೇಬಲ್ ಬೇರೆಯೇ ಇದೆ. ಸದ್ಯಕ್ಕೆ ಡಬ್ಬವನ್ನು ಮನೆಯಲ್ಲಿ ಬಿಟ್ಟು, ಕಾಂಬೋ ಒಂದನ್ನೇ ಒಯ್ಯಿರಿ.

ಮಳೆಗಾಲ:
ಕಿಲುಬು ಬಂದದ್ದು ತೇವದಿಂದ ಎಂಬುದನ್ನಾದರೂ ಒಪ್ಪಿಕೊಳ್ಳಿ.

ಸೋಲ್ಡರ್ ಕಡ್ಡಿ:
ಅದನ್ನು ಸಂತೋಷದಿಂದ ಒಪ್ಪುತ್ತೇನೆ.

ಐದನೇ ತಂತಿ:
ಕೊಳ್ಳುವ ವಿಚಾರ ಇನ್ನೂ ಉಳಿದಿದೆ. ಮೊದಲು 'ಸದ್ದು ಸಾಲದು' ಎನಿಸಿದ್ದೇಕೆಂದು ನೋಡಿ. ಕಾಂಬೋವನ್ನು ನೆಲದ ಮೇಲಿಟ್ಟು ಅದರ ಮುಂದೆಯೇ ನಿಂತರೆ, ಸ್ಪಷ್ಟತೆ ಕೊಡುವ ಮಧ್ಯದ ಸ್ವರಗಳೆಲ್ಲ ನಿಮ್ಮ ಹಿಮ್ಮಡಿಗೆ ಬಡಿದು ನಿಲ್ಲುತ್ತವೆ, ನಿಮಗೆ ಕೇಳಿಸದೆ ನೀವು ಬೇಸ್ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತೀರಿ. ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್, ಅದನ್ನು ಎತ್ತಲು ಹೊರಟರೆ ಆಂಪ್‌ನ ಶಕ್ತಿಯೆಲ್ಲ ಅಲ್ಲೇ ಕರಗುತ್ತದೆ. ಎರಡು ಖಾಲಿ ಬಿಯರ್ ಕ್ರೇಟ್ ಮೇಲಿಟ್ಟು, ಬೇಸ್ ಗುಂಡಿಯನ್ನು ನಡುವಿಗೆ ತಂದು, ಮಿಡ್ ಅನ್ನು ಸ್ವಲ್ಪ ಏರಿಸಿ ಒಂದು ಶನಿವಾರ ನುಡಿಸಿ. ಆಮೇಲೂ ಬೇಕೆನಿಸಿದರೆ ನಾನು ಬಳಸುವ ಕ್ರಮ ಇದು: ಒಂದು ಕೈಯಲ್ಲಿ ಎತ್ತಬಹುದಾದ 500 ವ್ಯಾಟಿನ ಸಣ್ಣ ಹೆಡ್, ಹನ್ನೆರಡು ಇಂಚಿನ 8 ಓಮಿನ ಒಂದೇ ರೀತಿಯ ಎರಡು ಕ್ಯಾಬಿನೆಟ್. ಬಾರ್‌ಗೆ ಒಂದು, ಮದುವೆಗೆ ಎರಡು. ಮೊದಲಿಗೆ ಒಂದನ್ನು ಕೊಂಡರೆ ಸಾಕು. ಹೆಡ್ ಆರಿಸುವಾಗ ಎಕ್ಸ್‌ಎಲ್‌ಆರ್ ಡಿಐ (ಮಿಕ್ಸರಿಗೆ ನೇರವಾಗಿ ಕೊಡುವ ತೂತು) ಇದೆಯೇ, ಅದಕ್ಕೆ ಗ್ರೌಂಡ್ ಲಿಫ್ಟ್ (ಆ ಕೇಬಲ್ಲಿನ ಗ್ರೌಂಡ್ ಬಿಡಿಸುವ) ಗುಂಡಿ ಇದೆಯೇ ಎಂದು ಮರೆಯದೆ ನೋಡಿ. ಮಿಕ್ಸರಿಗೆ ಕೊಟ್ಟಾಗ ಗುಂಯ್ ಎನ್ನುವ ಸದ್ದನ್ನು ಎಷ್ಟೋ ಸಲ ಆ ಗುಂಡಿಯೇ ನಿಲ್ಲಿಸಿದೆ.

ತೋಟದ ನಾಲ್ಕುತಂತಿ:
ಶನಿವಾರದ ವರದಿ. ಡಬ್ಬವಿಲ್ಲದೆ, ಕ್ರೇಟುಗಳ ಮೇಲೆ ಕಾಂಬೋ ಒಂದನ್ನೇ ಇಟ್ಟು ನುಡಿಸಿದೆ. ವಾಲಗವನ್ನು ಎರಡು ಬಾರಿ ಎತ್ತಿಕೊಂಡರೂ ಆಂಪ್ ನಿಲ್ಲಲಿಲ್ಲ, ಹಿಂಭಾಗ ಉಗುರುಬೆಚ್ಚಗಿತ್ತು. ಡ್ರಮ್ಮರ್ ಮಾತನಾಡಿಸಿದರು. ಆದರೆ ಹೊಸ ತೊಂದರೆ ಎದುರಾಗಿದೆ: ಇ ತಂತಿಯ ಮೂರನೇ ಫ್ರೆಟ್ಟಿನ ಜಿ ನುಡಿಸಿದಾಗ ಮಾತ್ರ ಕೋಣೆ ಗುಮ್ಮೆಂದು, ಕೌಂಟರಿನ ಹಿಂದಿನ ಬಾಟಲಿಗಳು ಕಿಣಿಕಿಣಿ ಎನ್ನುತ್ತವೆ. ಮಾಲೀಕರು ಅದೊಂದು ಸ್ವರವನ್ನು ಬಿಟ್ಟು ನುಡಿಸಲಾಗದೇ ಎಂದು ಕೇಳುತ್ತಿದ್ದಾರೆ.

ಸೋಲ್ಡರ್ ಕಡ್ಡಿ:
ಆ ಜಿ 49 ಹರ್ಟ್ಸ್. ಕೋಣೆಯ ಅಗಲ ಎಷ್ಟು, ಆಂಪ್ ಎಲ್ಲಿಟ್ಟಿದ್ದೀರಿ?

ತೋಟದ ನಾಲ್ಕುತಂತಿ:
ಅಗಲ ಹನ್ನೊಂದೂವರೆ ಅಡಿ. ಆಂಪ್ ಎಡಗೋಡೆಗೆ ಒತ್ತಿಕೊಂಡಿದೆ.

ಸೋಲ್ಡರ್ ಕಡ್ಡಿ:
ಹನ್ನೊಂದೂವರೆ ಅಡಿ ಎಂದರೆ 3.5 ಮೀಟರ್. 49 ಹರ್ಟ್ಸಿನ ಅಲೆಯ ಉದ್ದ ಸರಿಯಾಗಿ ಅದರ ಎರಡರಷ್ಟು, ಏಳು ಮೀಟರ್. ಎರಡು ಗೋಡೆಗಳ ನಡುವೆ ಆ ಸ್ವರ ನಿಂತುಬಿಡುತ್ತದೆ, ಗೋಡೆಗೆ ಒತ್ತಿದ ಆಂಪ್ ಅದನ್ನು ಇನ್ನಷ್ಟು ಕೆರಳಿಸುತ್ತದೆ. ಆಂಪನ್ನು ಅಗಲದ ನಡುಭಾಗಕ್ಕೆ ತನ್ನಿ.

ತೋಟದ ನಾಲ್ಕುತಂತಿ:
ನಡುವಿನಲ್ಲಿ ಡ್ರಮ್ ಸೆಟ್ ಇದೆ. ಅವರು ಮಾತನಾಡಿಸಲು ಶುರುಮಾಡಿದ್ದೇ ಮೊನ್ನೆ. ಮುಂದಿನ ವಾರ ಕೇಳಿ ನೋಡುತ್ತೇನೆ.

ವಾಲ್ವ್ ಮೋಹಿ:
ಆ 4 ಓಮಿನ ಕ್ಯಾಬಿನೆಟ್ ಮಾರುವುದಾದರೆ ಬೆಲೆ ತಿಳಿಸಿ. ನನ್ನ ಹೆಡ್ಡಿನ ಹಿಂದೆ 2, 4 ಎಂದು ಆರಿಸುವ ಸ್ವಿಚ್ಚೇ ಇದೆ.

ಐದನೇ ತಂತಿ:
ಎಂಟು ಸ್ಪೀಕರ್ ಸಾಲದೇ, ಸರ್?

ವಾಲ್ವ್ ಮೋಹಿ:
ಅದು ಈಗ ಮಹಡಿಯಲ್ಲಿದೆ, ಇಳಿಸಲು ಯಾರೂ ಬರುತ್ತಿಲ್ಲ.